ಗಡ್ಡೆ ತೆಗೆದಾಯಿತು, ಇನ್ನೂ ವರ್ಷವರ್ಷ ಎಂಡೋಸ್ಕೋಪಿ ಬೇಕೇ?

ಜಠರದ ಕ್ಯಾನ್ಸರ್ ಒಳಪದರದಲ್ಲಿರುವಾಗಲೇ ಸಿಕ್ಕಿದರೆ ಅನೇಕರಿಗೆ ಹೊಟ್ಟೆ ಕೊಯ್ಯುವ ಆಪರೇಷನ್ ಬೇಕಾಗುವುದಿಲ್ಲ. ಬಾಯಿಯಿಂದ ಇಳಿಸಿದ ಎಂಡೋಸ್ಕೋಪಿನಲ್ಲೇ ಗಡ್ಡೆಯನ್ನು ಸುತ್ತಲಿನ ಅಂಚಿನೊಡನೆ ಒಂದೇ ತುಂಡಾಗಿ ಬಿಡಿಸಿ ತೆಗೆಯಬಹುದು. ಜಪಾನಿನಲ್ಲಿ 1990ರ ದಶಕದಲ್ಲಿ ರೂಪುಗೊಂಡ ಈ ವಿಧಾನ ಈಗ ಬೆಂಗಳೂರಿನಲ್ಲೂ ಇದೆ. ಜಠರವೇನೋ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಪ್ರತಿವರ್ಷ ಎಂಡೋಸ್ಕೋಪಿಯಲ್ಲಿ ನೋಡಿಸುತ್ತಲೇ ಇರಬೇಕೇ ಎಂಬುದು ಪ್ರಶ್ನೆ.

ಪರ

ಬೇಕು, ಏಕೆಂದರೆ ಅಪಾಯ ಎರಡು ಬಗೆಯದು. ಗಡ್ಡೆ ತೆಗೆದ ಜಾಗದಲ್ಲೇ ಅದು ಮತ್ತೆ ಬೆಳೆಯುವುದು ಮೊದಲನೆಯದು. ಅಂಚುಗಳಲ್ಲಿ ರೋಗವಿಲ್ಲವೆಂದು ಪೆಥಾಲಜಿ ವರದಿ ಹೇಳಿದ್ದರೆ ಇದು ಅಪರೂಪ. ಹೆಚ್ಚು ಚಿಂತಿಸಬೇಕಾದದ್ದು ಎರಡನೆಯದು, ಅದೇ ಜಠರದ ಇನ್ನೊಂದು ಕಡೆ ಹೊಸ ಗಡ್ಡೆ ಹುಟ್ಟುವುದು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ವರ್ಷಗಟ್ಟಲೆ ನೆಲೆಸಿ ಇಡೀ ಒಳಪದರವನ್ನು ಸವೆಸಿರುತ್ತದೆ. ಗಡ್ಡೆ ಹೋದರೂ ಆ ಸವೆತ ಹೋಗದು. ಜಪಾನಿನಲ್ಲಿ 544 ರೋಗಿಗಳ ಮೇಲೆ ನಡೆದು 2008ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬ್ಯಾಕ್ಟೀರಿಯಾಕ್ಕೆ ಔಷಧಿ ಪಡೆಯದ ಅರ್ಧದಷ್ಟು ಜನರಲ್ಲಿ ಮೂರು ವರ್ಷದೊಳಗೆ 24 ಮಂದಿಗೆ ಹೊಸ ಕ್ಯಾನ್ಸರ್ ಬಂತು. ಔಷಧಿ ಪಡೆದವರಲ್ಲಿ ಒಂಬತ್ತು ಮಂದಿಗೆ. ಔಷಧಿ ಅಪಾಯವನ್ನು ತಗ್ಗಿಸಿತು, ಇಲ್ಲವಾಗಿಸಲಿಲ್ಲ.

ವಿರೋಧ

ಬೇಡವೆನ್ನುವವರ ವಾದವೂ ಹಗುರವಾದದ್ದಲ್ಲ. ಕೊರಿಯಾದ 2018ರ ಅಧ್ಯಯನದಲ್ಲಿ ಸುಮಾರು ಆರು ವರ್ಷಗಳಲ್ಲಿ ಹೊಸ ಕ್ಯಾನ್ಸರ್ ಕಂಡದ್ದು ಔಷಧಿ ಪಡೆದ 194 ಮಂದಿಯಲ್ಲಿ 14 ಜನರಿಗೆ. ಉಳಿದ 180 ಜನ ವರ್ಷವರ್ಷವೂ ಕೊಳವೆ ನುಂಗಿ, ವರದಿ ಬರುವವರೆಗೆ ಆತಂಕಪಟ್ಟು ಪಡೆದದ್ದೇನು? ಬಸವನಗುಡಿ, ಮಲ್ಲೇಶ್ವರದ ಒಂಟಿ ಹಿರಿಯರಿಗೆ ಬರಿಹೊಟ್ಟೆಯಲ್ಲಿ ಆಸ್ಪತ್ರೆಗೆ ಹೋಗಿಬರುವುದೇ ದೊಡ್ಡ ಕೆಲಸ. ಇತ್ತ ಚಾಮರಾಜಪೇಟೆ ಪಕ್ಕದ ವಿಕ್ಟೋರಿಯಾದಂಥ ಸರ್ಕಾರಿ ಆಸ್ಪತ್ರೆಗಳಿಗೆ ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ. ಗ್ಯಾಸ್ಟ್ರಿಕ್ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿ, ತೂಕ ಇಳಿದ ಮೇಲೆ ಬಂದವರಿಗಲ್ಲವೇ ಎಂಡೋಸ್ಕೋಪಿ ಮೊದಲು ಸಿಗಬೇಕು?

ತೂಗಿ ನೋಡಿದರೆ

ನನ್ನ ನಿಲುವು ಪರದ ಕಡೆಗೇ. ನಮ್ಮಲ್ಲಿ ಜಠರದ ಕ್ಯಾನ್ಸರ್ ಹೆಚ್ಚಾಗಿ ತಡವಾಗಿಯೇ ಪತ್ತೆಯಾಗುವುದರಿಂದ ಎಂಡೋಸ್ಕೋಪಿಯಲ್ಲೇ ಗಡ್ಡೆ ತೆಗೆಸಿಕೊಂಡವರ ಸಂಖ್ಯೆ ಚಿಕ್ಕದು. ವರ್ಷಕ್ಕೊಂದು ಪರೀಕ್ಷೆ ಅವರಿಗೆ ಕೊಟ್ಟರೆ ಆಸ್ಪತ್ರೆಯ ಸಾಲು ಬೆಳೆಯುವುದಿಲ್ಲ. ಇನ್ನು ಆ 14 ಜನರ ಮಾತು. ಆರಂಭದ ಕ್ಯಾನ್ಸರ್ ಬಹುತೇಕ ನೋವನ್ನೇ ಕೊಡುವುದಿಲ್ಲ. ಲಕ್ಷಣ ಕಂಡಾಗ ಹೋದರಾಯಿತು ಎಂದು ಕಾದವರಿಗೆ ಜಠರವನ್ನೇ ತೆಗೆಸಬೇಕಾಗಬಹುದು, ಆ ಅವಕಾಶವೂ ತಪ್ಪಬಹುದು. ವರ್ಷದೊಳಗೆ ಸಿಕ್ಕ ಹೊಸ ಗಡ್ಡೆಯನ್ನು ಬಹುಪಾಲು ಮತ್ತೆ ಎಂಡೋಸ್ಕೋಪಿಯಲ್ಲೇ ತೆಗೆಯಬಹುದು. ಯಾರ ಜಠರದಲ್ಲಿ ಗಡ್ಡೆ ಹುಟ್ಟೀತೆಂದು ಮೊದಲೇ ಹೇಳಲಾಗದ ಕಾರಣ ಎಲ್ಲರನ್ನೂ ನೋಡಬೇಕಾಗುತ್ತದೆ. ವಿರೋಧದ ಒಂದು ಮಾತನ್ನು ಮಾತ್ರ ಒಪ್ಪಲೇಬೇಕು: ಇನ್ನೊಂದು ಗಡ್ಡೆ ಸಿಕ್ಕರೂ ಚಿಕಿತ್ಸೆ ತಾಳಲಾರದಷ್ಟು ಕುಗ್ಗಿದ ಹಿರಿಯರಿಗೆ ಪರೀಕ್ಷೆ ನಿಲ್ಲಿಸುವುದೇ ಕರುಣೆ. ಉಳಿದವರಿಗೆ ಬ್ಯಾಕ್ಟೀರಿಯಾ ಹೋಗಿದೆಯೆಂದು ಖಚಿತಪಡಿಸಿ, ಪೆಥಾಲಜಿ ವರದಿಯ ಪ್ರತಿಯನ್ನು ಕೈಗಿತ್ತು, ಮುಂದಿನ ಎಂಡೋಸ್ಕೋಪಿಯ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆದುಕೊಡುವುದು ಆಸ್ಪತ್ರೆಯ ಹೊಣೆ. ಜಠರ ಉಳಿಸುವ ಚಿಕಿತ್ಸೆ ಆ ದಿನಾಂಕವನ್ನೂ ಒಳಗೊಂಡಾಗಲೇ ಪೂರ್ತಿಯಾಗುತ್ತದೆ.