ಕರೆಂಟು ಹೋದಾಗ ಮೀನಿಗೆ ಬೇಕಾದದ್ದು ಗಾಳಿ

ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದರೆ ಮಗ್ಗದ ಸದ್ದು ನಿಲ್ಲುತ್ತದೆ. ನೇಕಾರನಿಗೆ ಅಷ್ಟು ಹೊತ್ತಿನ ಕೂಲಿ ನಷ್ಟ. ಹೊಸಕೋಟೆ, ದೇವನಹಳ್ಳಿ ಕಡೆ ಪಂಪು ನಿಂತರೆ ತೋಟಕ್ಕೆ ನೀರನ್ನು ನಾಳೆ ಹಾಯಿಸಬಹುದು. ಆದರೆ ಮನೆಯ ಗಾಜಿನ ತೊಟ್ಟಿಯಲ್ಲಿರುವ ಮೀನು ನಾಳೆಯವರೆಗೆ ಕಾಯಲಾರದು.

ಕಳೆದ ಮೇ ತಿಂಗಳಿನ ಒಂದು ರಾತ್ರಿ ಗಾಳಿಮಳೆಗೆ ಮರ ಬಿದ್ದು ನಮ್ಮೂರಿಗೆ ಬೆಳಗಿನವರೆಗೂ ವಿದ್ಯುಚ್ಛಕ್ತಿ ಇರಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇತ್ತು. ದೀಪ, ಫ್ಯಾನು ನಡೆದವು. ಮೀನಿನ ತೊಟ್ಟಿಯ ಪ್ಲಗ್ಗು ಮಾತ್ರ ಆ ಲೈನಿನಲ್ಲಿ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಹನ್ನೆರಡು ಗೋಲ್ಡ್ ಫಿಷ್‌ಗಳಲ್ಲಿ ಏಳು ಸತ್ತು ತೇಲುತ್ತಿದ್ದವು. ಮೊದಲು ಕರೆಂಟನ್ನು ಬೈದೆ. ಆಮೇಲೆ ಯೋಚಿಸಿದಾಗ ತಪ್ಪು ನನ್ನದೇ ಎಂದು ಮನವರಿಕೆಯಾಯಿತು. ನಾಲ್ಕೈದು ಮೀನು ಇರಬೇಕಾದ ತೊಟ್ಟಿಯಲ್ಲಿ ಹನ್ನೆರಡನ್ನು ಪಂಪಿನ ಬಲದಿಂದ ಬದುಕಿಸಿದ್ದೆ. ಪಂಪು ನಿಂತಿತು, ಲೆಕ್ಕ ತಪ್ಪಿತು.

ಮೀನು ಸಾಯುವುದು ಬೆಳಕಿಲ್ಲದೆ ಅಲ್ಲ, ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ. ನಮ್ಮ ಜಿಲ್ಲೆ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅದರಲ್ಲೂ ಹತ್ತನೇ ಒಂದು ಭಾಗದಷ್ಟು ಕಡಿತ. ಕಂಬ ಉರುಳಿಸುವ ಗಾಳಿಮಳೆ ಬರುವುದೂ ಏಪ್ರಿಲ್-ಮೇ ತಿಂಗಳ ಇದೇ ಸೆಕೆಯಲ್ಲಿ. ಸಾಲದ್ದಕ್ಕೆ, ತೊಟ್ಟಿಯೊಳಗಿನ ಗಿಡಗಳೂ ಕತ್ತಲಲ್ಲಿ ಆಮ್ಲಜನಕವನ್ನೇ ಬಳಸುತ್ತವೆ.

ಆದ್ದರಿಂದ ಬ್ಯಾಟರಿ ಕೊಳ್ಳುವ ಮೊದಲು ಮೀನಿನ ಎಣಿಕೆ ಇಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯದು, ಗಾಳಿಗೆ ಒಡ್ಡಿಕೊಂಡ ನೀರಿನ ಮೇಲ್ಮೈ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಆಳದ ತೊಟ್ಟಿಯ ಮೇಲ್ಮೈ 3 ಚದರ ಅಡಿ. ಅದೇ ನೀರನ್ನು ಒಂದಡಿ ಆಳದ ಸಿಮೆಂಟ್ ತೊಟ್ಟಿಯಲ್ಲಿ ಹರಡಿದರೆ 4.5 ಚದರ ಅಡಿ. ಕಾಸು ಖರ್ಚಿಲ್ಲದೆ ಒಂದೂವರೆ ಪಾಲು ಮೇಲ್ಮೈ ದೊರೆಯಿತು.

ಕರೆಂಟು ಹೋದ ಕೂಡಲೇ ಆಹಾರ ಹಾಕುವುದನ್ನು ನಿಲ್ಲಿಸಿ. ಒಂದೆರಡು ದಿನದ ಉಪವಾಸದಿಂದ ಬೆಳೆದ ಮೀನು ಸಾಯುವುದಿಲ್ಲ. ಮುಚ್ಚಳ ತೆಗೆಯಿರಿ. ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದರೆ, ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ತೆಗೆದು ಒಂದು ಗೇಣು ಮೇಲಿನಿಂದ ಮತ್ತೆ ಮತ್ತೆ ಸುರಿಯಿರಿ. ಆಗತಾನೆ ಎತ್ತಿದ ಕೊಳವೆಬಾವಿ ನೀರನ್ನು ನೇರವಾಗಿ ಬಿಡಬೇಡಿ. ಆಳದ ನೀರಿನಲ್ಲಿ ಆಮ್ಲಜನಕ ಬಹಳ ಕಡಮೆ ಇರಬಹುದು. ಕತ್ತಲಲ್ಲಿ ಸೊಳ್ಳೆಯೆಂದು ತೊಟ್ಟಿಯ ಪಕ್ಕ ಸೊಳ್ಳೆಬತ್ತಿ ಹಚ್ಚುವುದೂ ಬೇಡ. ಅದರಲ್ಲಿರುವ ಪೈರೆಥ್ರಾಯ್ಡ್ ವರ್ಗದ ಔಷಧಿ ಮೀನಿಗೆ ವಿಷ.

ಇಷ್ಟಾದ ಮೇಲೆ ಬ್ಯಾಟರಿಯ ಮಾತು. ದೀಪ, ಹೀಟರು ಯಾವುದೂ ಆ ಹೊತ್ತಿಗೆ ಬೇಡ. ಚಳಿಯಾದರೆ ಗಾಜಿನ ಸುತ್ತ ಕಂಬಳಿ ಸುತ್ತಿದರಾಯಿತು. ಬೇಕಾದದ್ದು ಗಾಳಿಯ ಗುಳ್ಳೆ ಬಿಡುವ 12 ವೋಲ್ಟಿನ ಸಣ್ಣ ಡಿ.ಸಿ. ಪಂಪು. ಬೆನ್ನಿಗೆ ಹಾಕುವ ಔಷಧಿ ಸ್ಪ್ರೇಯರಿನಲ್ಲಿ ಬರುವಂಥ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 96 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದಿದ್ದರೂ 5 ವ್ಯಾಟಿನ ಪಂಪು ಸುಮಾರು ಒಂಬತ್ತು ಗಂಟೆ ನಡೆದೀತು. ಒಂದು ರಾತ್ರಿಗೆ ಇಷ್ಟು ಸಾಕು. ಆದರೆ ಸ್ಪ್ರೇಯರಿನ ಕೊಳವೆಯನ್ನಾಗಲಿ, ಔಷಧಿ ಮುಟ್ಟಿದ ಕೈಯನ್ನಾಗಲಿ ತೊಟ್ಟಿಯ ಹತ್ತಿರ ತರಕೂಡದು. ಬೇರೆ ಹೊಸ ಬ್ಯಾಟರಿಯನ್ನೇ ಇಟ್ಟುಕೊಳ್ಳುವುದು ಕ್ಷೇಮ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಇಲ್ಲವಾದರೆ ಅದು ನಿಂತಾಗ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಹೊರಗೆ ಚೆಲ್ಲೀತು.

"ಮಾರಾಟಕ್ಕೆ ಸಾಕುವವರು ಮೀನು ಕಡಮೆ ಮಾಡಿದರೆ ಲಾಭವೆಲ್ಲಿ?" ಎಂದು ಕೆಲವರು ಕೇಳಬಹುದು. ಬೆಂಗಳೂರಿನ ಮಾರುಕಟ್ಟೆ ಹತ್ತಿರವಿರುವ ನಮ್ಮ ತಾಲ್ಲೂಕುಗಳಲ್ಲಿ ಇದು ನ್ಯಾಯವಾದ ಪ್ರಶ್ನೆಯೇ. ಆದರೆ ತುಂಬಿಸಿಟ್ಟ ಮೀನು ಒಂದೇ ರಾತ್ರಿಯಲ್ಲಿ ಸತ್ತರೆ ತಿಂಗಳುಗಳ ಆಹಾರ, ದುಡಿಮೆ ಎಲ್ಲವೂ ನೀರಿನಲ್ಲಿ ಹೋಮ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಿಲಿನ ಅಲಂಕಾರಿಕ ಮೀನು ಸಾಕಣೆಗೂ ಸಹಾಯಧನ ಸೇರಿಸಲಾಯಿತು. ಇಂಥ ಘಟಕಕ್ಕೆ ಅಂದಾಜುಪಟ್ಟಿ ಬರೆಯುವಾಗ ತೊಟ್ಟಿ, ಮರಿಗಳ ಜೊತೆಗೇ ಬ್ಯಾಟರಿ ಮತ್ತು ಡಿ.ಸಿ. ಪಂಪಿನ ಸಾಲನ್ನೂ ಸೇರಿಸಬೇಕು. ಮೀನು ಸತ್ತ ಮೇಲೆ ಅದನ್ನು ಕೊಂಡು ಫಲವಿಲ್ಲ.

ಕರೆಂಟು ಯಾವಾಗ ಹೋಗುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ತೊಟ್ಟಿಗೆ ಎಷ್ಟು ಮೀನು ಬಿಡಬೇಕೆಂಬುದು ನಮ್ಮ ಕೈಯಲ್ಲಿದೆ. ಒಂದು ರಜೆಯ ದಿನ ಬೆಳಿಗ್ಗೆ, ಪಕ್ಕದಲ್ಲೇ ಇದ್ದು, ಒಂದೆರಡು ಗಂಟೆ ಪಂಪು ನಿಲ್ಲಿಸಿ ನೋಡಿ. ಅಷ್ಟರಲ್ಲೇ ಮೀನು ಮೇಲಕ್ಕೆ ಬಂದು ಬಾಯಿ ಬಡಿದರೆ, ಎಣಿಕೆ ಹೆಚ್ಚಾಗಿದೆ ಎಂದು ತಿಳಿಯಿರಿ.