ಉತ್ಸವದ ವೀಳ್ಯ ಕಿರುಚಿತ್ರಕ್ಕೂ ಸಲ್ಲಲಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಕಲೆಗೆ ಮುಂಗಡ ಕೊಡುವ ರೂಢಿ ಹೊಸದಲ್ಲ. ಹರಕೆ ಹೊತ್ತ ಮನೆಯವರು ಧರ್ಮಸ್ಥಳ ಮೇಳದ್ದೋ ಕಟೀಲು ಮೇಳದ್ದೋ ಆಟ ಆಡಿಸುತ್ತಾರೆ. ಜಾತ್ರೆ, ಒತ್ತೆಕೋಲ, ಸಾರ್ವಜನಿಕ ಗಣೇಶೋತ್ಸವಗಳ ಸಮಿತಿಗಳು ತುಳು ನಾಟಕದ ತಂಡಕ್ಕೆ, ತಾಳಮದ್ದಳೆಯ ಅರ್ಥಧಾರಿಗಳಿಗೆ ಮೊದಲೇ ವೀಳ್ಯ ಕೊಟ್ಟು ದಿನ ಗೊತ್ತುಮಾಡುತ್ತವೆ. ಖರ್ಚು ಆಡಿಸುವವರದ್ದು, ನೋಡುವ ಭಾಗ್ಯ ಊರಿನದ್ದು. ಕಲಾವಿದರ ಸಂಭಾವನೆ ಟಿಕೇಟು ಮಾರಾಟದ ಮೇಲೆ ನಿಂತಿಲ್ಲ. ಈ ಏರ್ಪಾಡಿನ ಹೊರಗೆ ಉಳಿದವರು ಕಿರುಚಿತ್ರ ಮಾಡುವವರು. ಪ್ರತಿಯೊಂದು ಉತ್ಸವ ಸಮಿತಿಯೂ ವರ್ಷಕ್ಕೊಂದು ಕಿರುಚಿತ್ರವನ್ನು ಮುಂಗಡ ಕೊಟ್ಟು ಮಾಡಿಸಿ, ತನ್ನ ವೇದಿಕೆಯಲ್ಲೇ ಮೊದಲು ತೋರಿಸಬೇಕೆಂಬುದು ಈ ಕರಪತ್ರದ ಬೇಡಿಕೆ.

ಈಗ ಕಿರುಚಿತ್ರಕ್ಕೆ ಸಿಗುವ ಪ್ರೋತ್ಸಾಹವೆಂದರೆ ಹೆಚ್ಚಾಗಿ ಸ್ಪರ್ಧೆ. ಬಹುಮಾನ ಬರುವುದು ಚಿತ್ರ ಮುಗಿದ ಮೇಲೆ. ದುಡ್ಡು ಬೇಕಾಗುವುದು ಕ್ಯಾಮೆರಾ ಎತ್ತುವ ಮೊದಲು. ಹತ್ತು ತಂಡಗಳು ಕೈಯಿಂದ ಹಾಕಿ ಚಿತ್ರ ಮಾಡಿದರೆ ಒಂದಕ್ಕೆ ಫಲಕ ಮತ್ತು ನಗದು, ಉಳಿದ ಒಂಬತ್ತಕ್ಕೆ ಪ್ರಮಾಣಪತ್ರ. ಇದನ್ನು ಪ್ರೋತ್ಸಾಹ ಎನ್ನುವುದಕ್ಕಿಂತ ಲಾಟರಿ ಎನ್ನುವುದೇ ಸರಿ. ಮೊಬೈಲಿನಲ್ಲೇ ಚಿತ್ರ ತೆಗೆಯಬಹುದಾದ ಕಾಲದಲ್ಲಿ ಖರ್ಚೆಲ್ಲಿಯದು ಎಂದು ಕೇಳುವವರಿದ್ದಾರೆ. ಕ್ಯಾಮೆರಾ ಅಗ್ಗವಾಗಿರುವುದು ನಿಜ. ಆದರೆ ನಟರ ದಿನಗೂಲಿ, ಓಡಾಟ, ಊಟ, ಸಂಕಲನ, ಸಂಗೀತ ಯಾವುದೂ ಅಗ್ಗವಾಗಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಧ್ವನಿ. ಸುಳ್ಯದ ತೋಟದ ನಡುವೆ ಜೀರುಂಡೆಯ ಸದ್ದನ್ನು ದಾಟಿ ಮಾತು ಕೇಳಿಸಬೇಕಾದರೆ ಒಳ್ಳೆಯ ಮೈಕೂ ಅದನ್ನು ಬಲ್ಲವರೂ ಬೇಕು. ದುಡ್ಡಿಲ್ಲದ ಚಿತ್ರಗಳು ಸೋಲುವುದು ಸಾಮಾನ್ಯವಾಗಿ ಇಲ್ಲಿಯೇ.

ಸಿನಿಮಾ ಈ ಊರಿಗೆ ಹೊರಗಿನ ಸರಕೂ ಅಲ್ಲ. ಪುತ್ತೂರನ್ನು ಕರ್ಮಭೂಮಿ ಮಾಡಿಕೊಂಡ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲೇ ಮೂಕಿ ಚಿತ್ರ ಮಾಡಲು ಹೊರಟಿದ್ದರು. ಅವರ ‘ಚೋಮನ ದುಡಿ’ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದಾಗ ಅದಕ್ಕೆ ರಾಷ್ಟ್ರಮಟ್ಟದ ಸ್ವರ್ಣಕಮಲ ಬಂತು. ಹಣವನ್ನು ಒಟ್ಟುಗೂಡಿಸುವ ವಿದ್ಯೆಯೂ ಇಲ್ಲಿಯದೇ. ಮೊಳಹಳ್ಳಿ ಶಿವರಾಯರ ಮುಂದಾಳುತನದಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದು ಪುತ್ತೂರಿನಲ್ಲಿ. ಅಡಿಕೆ ಬೆಳೆಗಾರರು ಕಟ್ಟಿದ ಕ್ಯಾಂಪ್ಕೊ ತನ್ನ ಚಾಕಲೇಟು ಕಾರ್ಖಾನೆಗೆ ಆರಿಸಿಕೊಂಡದ್ದೂ ಇದೇ ಊರನ್ನು. ಒಬ್ಬರ ಕೈಲಾಗದ್ದನ್ನು ಹತ್ತು ಮಂದಿ ಸೇರಿ ಮಾಡುವುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ನೆರೆಯ ಉದಾಹರಣೆಗಳೂ ಇವೆ. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು 1984ರಲ್ಲಿ ಒಡೆಸ್ಸಾ ಎಂಬ ಕೂಟ ಕಟ್ಟಿ, ಊರೂರು ತಿರುಗಿ ಜನರಿಂದ ಚಂದಾ ಎತ್ತಿ, 1986ರಲ್ಲಿ ‘ಅಮ್ಮ ಅರಿಯಾನ್’ ಚಿತ್ರ ಮಾಡಿದರು. ಹೆಗ್ಗೋಡಿನ ನೀನಾಸಮ್ 1973ರಲ್ಲೇ ಚಿತ್ರಸಮಾಜ ಆರಂಭಿಸಿ, ಹಳ್ಳಿಯ ಪ್ರೇಕ್ಷಕರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ನೋಡಬಲ್ಲರೆಂದು ತೋರಿಸಿತು. ಇನ್ನು ಚಿತ್ರದ ಉದ್ದದ ಮಾತು: ಮೈಸೂರಿನ ಚಿದಾನಂದ ನಾಯ್ಕ್ ಅವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಓದುವಾಗ ಕನ್ನಡದ ಜನಪದ ಕಥೆಯೊಂದನ್ನು ಆಧರಿಸಿ ಮಾಡಿದ ಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಅದರ ಅವಧಿ 16 ನಿಮಿಷ. ಚಿತ್ರೀಕರಣ ಮುಗಿದದ್ದು ನಾಲ್ಕು ದಿನಗಳಲ್ಲಿ. ಭಾಷೆ ಸಣ್ಣದಾದರೂ ಅಡ್ಡಿಯಿಲ್ಲ. ಬ್ಯಾರಿ ಭಾಷೆಯ ಮೊದಲ ಚಿತ್ರ ‘ಬ್ಯಾರಿ’ 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಚಿತ್ರವೊಂದರೊಂದಿಗೆ ಹಂಚಿಕೊಂಡಿತು.

ತುಳು, ಕನ್ನಡ, ಅರೆಭಾಷೆ, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳ ಒಂದೇ ಬಸ್ಸಿನಲ್ಲಿ ಕೇಳಸಿಗುವ ಸೀಮೆಯಿದು. ಕಥೆಗಳಿಗೆ ಬರವಿಲ್ಲ. ಸಂಪಾಜೆ, ಅರಂತೋಡಿನ ಕಡೆಯ ತೋಟಗಳನ್ನು ಹಳದಿ ಎಲೆ ರೋಗ ಬರಿದು ಮಾಡಿದೆ. ಅಡಿಕೆ ಬಿಟ್ಟ ಮನೆ ಮುಂದೇನು ಮಾಡಿತೆಂದು ತೆರೆಯ ಮೇಲೆ ಯಾರೂ ಸರಿಯಾಗಿ ಹೇಳಿಲ್ಲ. 1964ರ ಭಾರತ–ಸಿಲೋನ್ ಒಪ್ಪಂದದಂತೆ ಮರಳಿದ ತಮಿಳು ಕುಟುಂಬಗಳು ಇಲ್ಲಿನ ರಬ್ಬರ್ ತೋಟಗಳಲ್ಲಿ ತಲೆಮಾರುಗಳನ್ನು ಕಳೆದಿವೆ. ಕಡಬದ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿಯಲ್ಲಿ ಕಾಡಾನೆ ಇಬ್ಬರ ಜೀವ ತೆಗೆಯಿತು. 1837ರ ಅಮರ ಸುಳ್ಯ ದಂಗೆಗೆ ಪ್ರತಿಮೆ, ಭಾಷಣ ಸಾಕಷ್ಟು ಸಂದಿವೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಹೆಂಗಸರಿಗೆ ಅಷ್ಟೂ ಸಂದಿಲ್ಲ. ಬೆಂಗಳೂರಿನ ನಿರ್ಮಾಪಕರು ಇವನ್ನೆಲ್ಲ ಹುಡುಕಿಕೊಂಡು ಬರುವರೆಂದು ಕಾಯುವುದು ವ್ಯರ್ಥ.

ಮಾಡಿಸುವ ಬಗೆ ಸರಳವಾಗಿರಬೇಕು, ಆದರೆ ಬಾಯಿಮಾತಿನದ್ದಾಗಬಾರದು. ಸಮಿತಿ ಮೊದಲು ಎರಡು ಪುಟದ ಕಥಾಸಾರ ಮತ್ತು ಖರ್ಚಿನ ಅಂದಾಜನ್ನು ಕರೆಯಲಿ. ರಂಗಭೂಮಿ ಬಲ್ಲವರೊಬ್ಬರು, ಸಿನಿಮಾ ಬಲ್ಲವರೊಬ್ಬರು, ಸಮಿತಿಯವರೊಬ್ಬರು ಕುಳಿತು ಆರಿಸಲಿ. ಹಣದ ಅರ್ಧ ಒಪ್ಪಂದದ ದಿನ, ಕಾಲು ಭಾಗ ಚಿತ್ರೀಕರಣ ಮುಗಿದಾಗ, ಉಳಿದದ್ದು ಚಿತ್ರ ಕೈಸೇರಿದಾಗ ಸಲ್ಲಲಿ. ಕಥೆ ಒಪ್ಪಿದ ಮೇಲೆ ಸಮಿತಿ ಕೈ ಹಾಕಬಾರದು. ಅಧ್ಯಕ್ಷರ ಭಾಷಣ, ದಾನಿಗಳ ಮನೆಯ ಗೃಹಪ್ರವೇಶ ಚಿತ್ರದೊಳಗೆ ಬಂದರೆ ಅದು ಕಿರುಚಿತ್ರವಲ್ಲ, ಪ್ರಚಾರದ ವಿಡಿಯೊ. ದಾನಿಗಳ ಹೆಸರಿಗೆ ಆಮಂತ್ರಣ ಪತ್ರಿಕೆಯಲ್ಲಿ ಬೇಕಾದಷ್ಟು ಜಾಗವಿದೆ.

ಕಾನೂನಿನ ಎರಡು ಅಂಶಗಳನ್ನು ಮರೆಯುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಪ್ರತಿಫಲ ಕೊಟ್ಟು ಚಲನಚಿತ್ರ ಮಾಡಿಸಿದವರೇ ಅದರ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಹಕ್ಕು ನಿರ್ದೇಶಕರಲ್ಲೇ ಉಳಿಯುತ್ತದೆ, ಸಮಿತಿಗೆ ಮೊದಲ ಪ್ರದರ್ಶನ ಮತ್ತು ತನ್ನ ಊರಿನಲ್ಲಿ ತೋರಿಸುವ ಅನುಮತಿ ಇರುತ್ತದೆ ಎಂದು ಬರೆದುಕೊಳ್ಳಬೇಕು. ಇಲ್ಲವಾದರೆ ಹುಡುಗರು ಚಿತ್ರೋತ್ಸವಕ್ಕೆ ಕಳುಹಿಸಲೂ ಸಮಿತಿಯ ಬಾಗಿಲು ಕಾಯಬೇಕಾದೀತು. ಎರಡನೆಯದು, 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನಕ್ಕೆ ಬೇಕಾದ ಸೆನ್ಸಾರ್ ಪ್ರಮಾಣಪತ್ರ. ಚಿತ್ರ ಚಿಕ್ಕದೆಂದು ಅದರಿಂದ ವಿನಾಯಿತಿಯಿಲ್ಲ. ಅದರ ಶುಲ್ಕ, ಹಿಡಿಯುವ ಸಮಯ ಎರಡೂ ಲೆಕ್ಕದಲ್ಲಿರಬೇಕು.

ದೇವರ ದುಡ್ಡು ಸಿನಿಮಾಕ್ಕೇಕೆ ಎಂಬ ಆಕ್ಷೇಪ ಬರುವುದು ಸಹಜ. ಮುಜರಾಯಿ ಕಾಣಿಕೆಯ ಹಣವನ್ನು ಇದಕ್ಕೆ ಮುಟ್ಟಬೇಕಾಗಿಯೇ ಇಲ್ಲ. ಸಾಂಸ್ಕೃತಿಕ ಕಾರ್ಯಕ್ರಮಕ್ಕೆಂದು ದಾನಿಗಳಿಂದ ಸಂಗ್ರಹವಾಗುವ ಮೊತ್ತದಲ್ಲಿ ರಸಮಂಜರಿಗೆ, ನಾಟಕಕ್ಕೆ ಪಾಲಿರುವಂತೆ ಇದಕ್ಕೂ ಒಂದು ಪಾಲಿರಲಿ. ಒಂದು ಸಮಿತಿಗೆ ಭಾರವಾದರೆ ನಾಲ್ಕು ಸಮಿತಿಗಳು ಸೇರಿ ಒಂದು ಚಿತ್ರ ಮಾಡಿಸಿ ನಾಲ್ಕೂ ವೇದಿಕೆಗಳಲ್ಲಿ ತೋರಿಸಬಹುದು. ಯುವಕ ಮಂಡಲ, ಹಾಲಿನ ಸೊಸೈಟಿ, ಕಾಲೇಜುಗಳಿಗೂ ಈ ದಾರಿ ತೆರೆದಿದೆ.

ಮಳೆಗಾಲದಲ್ಲಿ ಇಲ್ಲಿ ಹೊರಾಂಗಣ ಚಿತ್ರೀಕರಣ ಕಷ್ಟ. ಕುಕ್ಕೆಯ ಚಂಪಾಷಷ್ಠಿಯ ಹೊತ್ತಿಗೆ, ಜನವರಿಯ ಸುಳ್ಯ ಜಾತ್ರೆಗೆ, ಏಪ್ರಿಲ್‌ನ ಪುತ್ತೂರು ಜಾತ್ರೆಗೆ ಚಿತ್ರ ಸಿದ್ಧವಾಗಬೇಕಾದರೆ ಚೌತಿಯ ಆಸುಪಾಸಿನಲ್ಲೇ ವೀಳ್ಯ ಕೊಡಬೇಕು. ಚೌತಿಗೇ ಬೇಕೆಂದಾದರೆ ಹಿಂದಿನ ಜನವರಿಯಲ್ಲಿ. ಮೂರೂ ತಾಲೂಕುಗಳ ಉತ್ಸವ ಸಮಿತಿಗಳು ಮುಂದಿನ ಮಹಾಸಭೆಯ ಖರ್ಚಿನ ಪಟ್ಟಿಯಲ್ಲಿ ಕಿರುಚಿತ್ರದ ಹೆಸರನ್ನೂ ಅದರ ಮುಂದೆ ಒಂದು ಮೊತ್ತವನ್ನೂ ಬರೆಸಲಿ.