ಹಸಿದವನಿಗೆ ಮೊದಲು ರೊಟ್ಟಿ, ಆಮೇಲೆ ಮಾತು

ಕೋವಿಡ್ ಮಹಾಮಾರಿಯ ದಿನಗಳು ಈಗ ಹಳೆಯ ಮಾತು. ಆದರೆ ಒಂದು ಲೆಕ್ಕವನ್ನು ಮರೆಯುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2020ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,53,052 ಮಂದಿಯಲ್ಲಿ 37,666 ಮಂದಿ ದಿನಗೂಲಿಗಳು. 2021ರಲ್ಲಿ ದಿನಗೂಲಿಗಳ ಸಂಖ್ಯೆ 42,004ಕ್ಕೇರಿತು. ಇವೆಲ್ಲಕ್ಕೂ ಹಸಿವೇ ಕಾರಣವೆಂದು ನಾವು ಹೇಳುವುದಿಲ್ಲ. ಈ ಏರಿಕೆ ಮಹಾಮಾರಿಗೆ ಮೊದಲೇ ಶುರುವಾಗಿತ್ತು. ಆದರೂ ಕೂಲಿ ನಿಂತ ಮನೆಯಲ್ಲಿ ನಾಳೆಯ ಊಟದ ಚಿಂತೆ ಮನಸ್ಸನ್ನು ಏನು ಮಾಡುತ್ತದೆ ಎಂಬುದನ್ನು ಬಲ್ಲವರೇ ಬಲ್ಲರು.

ಸರಕಾರ ಕೈಕಟ್ಟಿ ಕುಳಿತಿತ್ತು ಎನ್ನುವುದು ಸರಿಯಲ್ಲ. 2020ರ ಏಪ್ರಿಲ್‌ನಿಂದ ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಡಿ ಪಡಿತರದವರಿಗೆ ತಲಾ 5 ಕಿಲೋ ಧಾನ್ಯ ಉಚಿತವಾಗಿ ದೊರೆಯಿತು. ಅದಿಲ್ಲದಿದ್ದರೆ ಗತಿ ಊಹಿಸಲಾಗದು. ತೊಡಕಿದ್ದುದು ಬೇರೆ ಕಡೆ. ಅಕ್ಕಿ ಕಾರ್ಡನ್ನು ಹುಡುಕಿಕೊಂಡು ಹೋಯಿತು, ಹಸಿವನ್ನಲ್ಲ. 2013ರ ಆಹಾರ ಭದ್ರತಾ ಕಾಯಿದೆಯ ಫಲಾನುಭವಿಗಳ ಲೆಕ್ಕ ನಿಂತಿರುವುದು 2011ರ ಜನಗಣತಿಯ ಮೇಲೆ. ವಲಸೆ ಕಾರ್ಮಿಕರ ಕಾರ್ಡು ಊರಲ್ಲಿ, ಹೊಟ್ಟೆ ಇಲ್ಲಿ. 2020ರ ಮೇ ತಿಂಗಳಲ್ಲಿ ಊರಿಗೆ ಕಳುಹಿಸಿ ಎಂದು ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣದಲ್ಲಿ ನೂರಾರು ಮಂದಿ ಸೇರಿದ್ದರು. ಅವರಿಗಾಗಿ ಸಮುದಾಯ ಅಡುಗೆಮನೆಗಳನ್ನು ನಡೆಸಬೇಕು, ಒಂದು ದೇಶ ಒಂದು ಪಡಿತರ ಚೀಟಿ ಎಲ್ಲೆಡೆ ಜಾರಿಯಾಗಬೇಕು ಎಂದು ಸುಪ್ರೀಂ ಕೋರ್ಟು ಆದೇಶಿಸುವಾಗ 2021ರ ಜೂನ್ ಮುಗಿಯುತ್ತಾ ಬಂದಿತ್ತು.

ಇನ್ನೊಂದು ವರ್ಗವಿತ್ತು, ಅದು ನಮ್ಮ ದೇವಾಲಯದ ಬೆಂಚುಗಳಲ್ಲೇ ಕೂರುವ ವರ್ಗ. ಖಾಸಗಿ ಶಾಲೆಯ ಟೀಚರ್, ಬಸ್ಸಿನ ಕಂಡಕ್ಟರ್, ಮದುವೆ ಅಡುಗೆಯವರು, ಟೈಲರ್, ಕೆಲಸ ಕಳೆದುಕೊಂಡು ಗಲ್ಫಿನಿಂದ ಮರಳಿದವರು. ಇವರಲ್ಲಿ ಅನೇಕರದು ಎಪಿಎಲ್ ಕಾರ್ಡು. ಉಚಿತ ಅಕ್ಕಿಯಿಲ್ಲ, ಕೈಚಾಚುವ ಅಭ್ಯಾಸವೂ ಇಲ್ಲ. ತಾಯಂದಿರು ರಾತ್ರಿ ಗಂಜಿ ಕುಡಿದು ಮಕ್ಕಳಿಗೆ ಅನ್ನ ಬಡಿಸಿದರು. ನಿದ್ದೆ ಹೋಯಿತು, ಸಿಡುಕು ಬಂತು, ಮಾತು ನಿಂತಿತು. ಹೊರಗಿನವರಿಗೆ ಕಂಡದ್ದು ಸಿಡುಕು ಮಾತ್ರ.

ಎಲೀಯ ಪ್ರವಾದಿ ಮರುಭೂಮಿಯಲ್ಲಿ ಗಿಡದಡಿ ಮಲಗಿ ಸಾವನ್ನು ಬೇಡಿದಾಗ ದೇವದೂತ ಉಪದೇಶಕ್ಕೆ ತೊಡಗಲಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗಿದವನನ್ನು ಗದರಿಸಲೂ ಇಲ್ಲ, ಇನ್ನೊಮ್ಮೆ ಎಬ್ಬಿಸಿ ಉಣಿಸಿದ. ನಾವು ಗುರುಗಳು ಆ ದಿನಗಳಲ್ಲಿ ಆನ್‌ಲೈನ್ ಧ್ಯಾನಕೂಟಗಳನ್ನು ಧಾರಾಳ ನಡೆಸಿದೆವು. ಕಿಟ್‌ಗಳನ್ನೂ ಹಂಚಿದೆವು, ಸುಳ್ಳಲ್ಲ. ಆದರೆ ಕಿಟ್ ಪಡೆಯುವವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದೆವು. ಅಂಥವನ್ನು ನಾವೂ ಪ್ರಕಟಿಸಿದ್ದೇವೆ. ಆ ಫೋಟೋಗೆ ಹೆದರಿ ಬಾರದವರೆಷ್ಟು ಮಂದಿಯೋ.

ಮನಸ್ಸಿನ ಸಂಕಟಕ್ಕೆ 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಈ ನಂಬರು ಪ್ರತಿ ದೇವಾಲಯದ ಫಲಕದಲ್ಲಿರಲಿ. ಅದರೊಂದಿಗೆ ವಾರ್ಡಿನ ಗುರಿಕಾರರು ಊರಿನ ದಿನಸಿ ಅಂಗಡಿಯವರನ್ನು ಗುಟ್ಟಾಗಿ ವಿಚಾರಿಸಲಿ. ಯಾರ ಬಾಕಿ ಬೆಳೆಯುತ್ತಿದೆ, ಯಾರು ಸಾಮಾನಿಗೆ ಬರುವುದನ್ನೇ ನಿಲ್ಲಿಸಿದ್ದಾರೆ ಎಂಬುದು ಅವರಿಗೆ ನಮಗಿಂತ ಮೊದಲು ಗೊತ್ತಿರುತ್ತದೆ. ಆ ಬಾಕಿಯನ್ನು ಧರ್ಮಕೇಂದ್ರದ ಬಡವರ ನಿಧಿಯಿಂದ ಹೆಸರು ಹೇಳದೆ ತೀರಿಸಬಹುದು. ಅದಕ್ಕೆ ಫೋಟೋ ಬೇಕಾಗಿಲ್ಲ.